ಅಪ್ಪ ಸಹಿ ಹಾಕದ ಒಪ್ಪಿಗೆ ಪತ್ರ

ಯಾರಾದರೂ ಪಕ್ಕದಲ್ಲಿ ಕೂತು ನೋವಿನ ಮುಲಾಮು ಹಚ್ಚಿಕೊಂಡರೆ ಇವತ್ತಿಗೂ ನಾನು ಎದ್ದು ಆಚೆ ಹೋಗುತ್ತೇನೆ.

ಅಕ್ಕ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ರಗ್ಬಿ ಆಡುತ್ತಿದ್ದಳು. ಮೊಟ್ಟೆಯಂಥ ಚೆಂಡು ಹಿಡಿದು ಓಡುವ ಆಟ ಅಂತಷ್ಟೇ ಅಪ್ಪನಿಗೆ ಗೊತ್ತಿತ್ತು. ಓಡುವವರನ್ನು ಹಿಡಿದು ಕೆಡವುತ್ತಾರೆಂದು ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಅವಳು ರಾಜ್ಯ ತಂಡಕ್ಕೆ ಸೇರಲು ಒಪ್ಪಿಗೆ ಪತ್ರ ತಂದಳು. ಅಪ್ಪ ಖುಷಿಯಿಂದಲೇ ಪೆನ್ನು ತೆಗೆದರು. ಬೆಳಗ್ಗೆ ಅವಳ ಜೆರ್ಸಿ ಹಾಕಿಕೊಂಡಿದ್ದಕ್ಕೆ ಅಕ್ಕ ನನಗೆ ಬೈದಿದ್ದಳು. ಆ ಸಿಟ್ಟಿಗೆ, "ಅಕ್ಕನ ಭುಜ ನೋಡಪ್ಪ, ದಿನಾ ಕದ್ದು ಮುಲಾಮು ಅಚ್ಕತಾಳೆ," ಅಂದುಬಿಟ್ಟೆ.

ಅಪ್ಪ ಅವಳ ಅಂಗಿಯ ತೋಳು ಸರಿಸಿದರು. ಭುಜವೆಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಎಣ್ಮಗ ಕಣವ್ವಾ ನೀನು. ಮೂಳೆ ಮುರ್ಕಂಡ್ರೆ ಯಾರ್ ಮದ್ವೆ ಆಯ್ತಾರೆ?" ಎಂದು ಪೆನ್ನಿನ ಮುಚ್ಚಳ ಹಾಕಿದರು. ಅಕ್ಕ ಎಷ್ಟು ಅತ್ತರೂ ಮತ್ತೆ ತೆಗೆಯಲಿಲ್ಲ.

ಸಂಜೆ ಕೋಚ್ ಮೇಡಂ ಫೋನ್ ಮಾಡಿದರು. "ಮನೇಲಿ ಬೇಡ ಅಂದ್ರಾ?" ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು.

"ಇಲ್ಲ ಮೇಡಂ, ನಂಗೇ ಭಯ ಆಯ್ತದೆ. ಇನ್ನ್ಮೇಲೆ ಆಡಲ್ಲ," ಅಂದಳು.

ಭಯ ಅನ್ನುವ ಮಾತನ್ನು ಅಕ್ಕನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.