ಹತ್ತಿರದಲ್ಲಿ ನೋಡತಕ್ಕದ್ದು

“ಇವತ್ತು ಉಪ್ಪಿನ ಜಗಳ ಬೇಡ,” ಎಂದ ಗೆಸ್ಟ್ ಹೌಸಿನ ಯಜಮಾನ, ಅಡುಗೆಮನೆಗೆ ತಲೆ ಹಾಕಿ. “ಅದನ್ನ ನೋಡಿ ಹೋದೋರೇ ಮತ್ತೆ ಬಂದಿದಾರೆ. ಹೊಸದೇನಾದ್ರೂ ತೆಗೀರಿ.”

“ಹೊಸದು ಎಲ್ಲಿಂದ ತರೋದಪ್ಪಾ?” ಎಂದಳು ಅವನ ತಾಯಿ, ಒಲೆಯ ಮೇಲೆ ಹಾಲಿಡುತ್ತಾ. “ನಲ್ಲಿ ಜಗಳ ಆಯ್ತು, ಟವೆಲ್ ಜಗಳ ಆಯ್ತು, ಮದುವೇಲಿ ನಿನ್ನ ಮಾವನ ಕಡೆಯೋರು ನನ್ನ ಮಾತಾಡಿಸಲಿಲ್ಲ ಅನ್ನೋದೂ ಆಯ್ತು.”

“ಅದನ್ನಂತೂ ಎರಡು ಸಲ ಆಡಿದೀವಿ,” ಎಂದಳು ಸೊಸೆ ತರಕಾರಿ ಹೆಚ್ಚುತ್ತಾ. ಅತ್ತೆ ಸೊಸೆ ಇಬ್ಬರೂ ನಕ್ಕರು. ಯಜಮಾನ ನಗಲಿಲ್ಲ. ಅವನ ಹೊಟ್ಟೆಪಾಡು ಅದು.

ಮಹಾನಗರದಿಂದ ಗಂಟೆಯ ದಾರಿಯಲ್ಲಿ ಈ ಗೆಸ್ಟ್ ಹೌಸ್ ತೆರೆದಾಗ ಗೇಟಿನ ಬೋರ್ಡಿನಲ್ಲಿ ‘ಹತ್ತಿರದಲ್ಲಿ ನೋಡತಕ್ಕವು’ ಎಂದು ಒಂದು ಗುಡ್ಡ, ಒಂದು ಕೆರೆ ಬರೆಸಿದ್ದ. ಗುಡ್ಡವನ್ನು ಕಲ್ಲು ಕ್ವಾರಿಯವರು ಅರ್ಧ ತಿಂದಿದ್ದರು. ಕೆರೆಯನ್ನು ಸೈಟು ಮಾಡುವವರು ಪೂರ್ತಿ ಕುಡಿದಿದ್ದರು. ನಗರದ ಧೂಳು ಸಾಕಾಗಿ ಬಂದವರು ಗುಡ್ಡ ನೋಡಲು ಹೋಗಿ, ಮೈತುಂಬ ಹೊಸ ಧೂಳು ಹೊತ್ತು ಬಂದು ಕೂಗಾಡುತ್ತಿದ್ದರು. ಅಂಥದೇ ಒಂದು ಸಂಜೆ ಅತ್ತೆ ಸೊಸೆಯರ ಜಗಳ ಅಂಗಳಕ್ಕೆ ಕೇಳಿಸಿತು. ಕೂಗಾಡುತ್ತಿದ್ದವರು ಬಾಯಿ ಮುಚ್ಚಿ ಕಿವಿಗೊಟ್ಟರು. “ಎಷ್ಟು ಸಹಜ ಅಲ್ವಾ! ನಮ್ಮನೇಲಿ ಎಲ್ಲಾ ಮೆಸೇಜಲ್ಲೇ ಜಗಳ ಆಡೋದು,” ಎಂದು ಒಬ್ಬಾಕೆ ಕಣ್ಣರಳಿಸಿದಳು. ಮರುವಾರ ಬಂದವರು ಕೋಣೆಯ ಬೀಗದಕೈ ಕೇಳುವ ಮೊದಲೇ ಜಗಳ ಎಷ್ಟು ಹೊತ್ತಿಗೆ ಎಂದು ಕೇಳಿದರು. ಯಜಮಾನ ಅಡುಗೆಮನೆಯ ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿದ, ಅಂಗಳದಲ್ಲಿ ಕುರ್ಚಿ ಹಾಕಿಸಿದ. ಬೋರ್ಡಿನ ಗುಡ್ಡ ಕೆರೆಗಳ ಮೇಲೆ ಬಣ್ಣ ಬಳಿಸಿ, ‘ಮನೆಯ ಜಗಳ, ಪ್ರತಿ ಸಂಜೆ, ಚಹಾ ಸಮೇತ’ ಎಂದು ಬರೆಸಿದ.

ವಿಚಿತ್ರವೆಂದರೆ, ಅಂದಿನಿಂದ ಆ ಮನೆಯಲ್ಲಿ ಜಗಳವೇ ನಿಂತುಹೋಗಿತ್ತು. ಸಿಟ್ಟು ಬಂದರೆ ಸಂಜೆಗಿರಲಿ ಎಂದು ಇಬ್ಬರೂ ಎತ್ತಿಡುತ್ತಿದ್ದರು. ಸಂಜೆಯ ಹೊತ್ತಿಗೆ ಅದು ಆರಿ ತಣ್ಣಗಾಗಿರುತ್ತಿತ್ತು. “ನೀವು ಪಾತ್ರೆ ಕುಕ್ಕಿ ಅತ್ತೆ, ನಾನು ಮೂತಿ ತಿರುಗಿಸ್ತೀನಿ,” ಎಂದು ಊಟದ ಹೊತ್ತಿಗೇ ಮಾತಾಡಿಕೊಂಡು ಆಡುವ ಜಗಳಕ್ಕೆ ಇತ್ತೀಚೆಗೆ ಅತಿಥಿಗಳು ಆಕಳಿಸತೊಡಗಿದ್ದರು.

ಇಂದೂ ಕುರ್ಚಿಗಳು ತುಂಬಿದವು. ಚಹಾ ಬಂತು. ಯಜಮಾನ ಅಂಗಳದಿಂದ ಸನ್ನೆ ಮಾಡಿದ. ಸರಿಯಾಗಿ ಆಗಲೇ ಹಾಲು ಉಕ್ಕಿ ನೆಲಕ್ಕೆ ಹರಿಯಿತು.

“ಕಣ್ಣೆಲ್ಲಿಟ್ಟಿದ್ದೀಯೇ?” ಎಂದು ಅತ್ತೆ ಜಗಳ ತೆಗೆದಳು. ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಮುದುಕಿಗೆ ಹುರುಪು ಬಂತು. “ಒಂದು ಪಾತ್ರೆ ಹಾಲು ನೋಡ್ಕೊಳ್ಳೋಕೆ ಆಗಲ್ಲ ನಿನ್ನ ಕೈಲಿ. ಈ ಮನೇಲಿ ಏನನ್ನ ತಾನೇ ನೆಟ್ಟಗೆ ನೋಡ್ಕೊಂಡೆ ನೀನು?”

ಸೊಸೆ ಮೂತಿ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಹೆಚ್ಚುತ್ತಿದ್ದ ಚಾಕು ನಿಂತಿತು.

“ಮಗೂನ ನೋಡ್ಕೊಂಡೆ ಅತ್ತೆ,” ಎಂದಳು. ದನಿ ಏರಿರಲಿಲ್ಲ, ಹಿಂದಿನ ಸಾಲಿನವರು ಕತ್ತು ಚಾಚಬೇಕಾಯಿತು. “ರಾತ್ರಿಯೆಲ್ಲ ತೊಡೆ ಮೇಲೆ ಹಾಕ್ಕೊಂಡು ನೋಡ್ಕೊಂಡೆ. ಮೈ ಕೆಂಡ ಆಗಿದೆ, ಆಸ್ಪತ್ರೆಗೆ ಹೋಗೋಣ ಅಂದೆ. ಮಕ್ಕಳಿಗೆ ಜ್ವರ ಬರದೆ ಇರತ್ತಾ, ಬೆಳಗಾಗ್ಲಿ ಅಂದೋರು ನೀವು.”

ಮಗು ಹೋಗಿ ವರ್ಷಗಳೇ ಆಗಿದ್ದವು. ಆ ಒಂದು ಮಾತು ಆಡಬಾರದೆಂದೇ ಆ ಮನೆಯಲ್ಲಿ ಉಪ್ಪಿಗೂ ನಲ್ಲಿಗೂ ಟವೆಲಿಗೂ ಅಷ್ಟು ಕಾಲ ಜಗಳವಾಗಿತ್ತು.

ಅತ್ತೆ ಒಲೆಯ ಕಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದಳು. “ಹೌದು ಕಣೇ. ನಾನೇ ಅಂದೆ,” ಎಂದಳು. “ನೀನು ಯಾವತ್ತು ಕೇಳ್ತೀಯೋ ಅಂತ ಕಾಯ್ತಾನೇ ಇದ್ದೆ.”

ಅಂಗಳದಲ್ಲಿ ಚಪ್ಪಾಳೆ ಎದ್ದಿತು. ಯಾರೋ ಸಿಳ್ಳೆ ಹಾಕಿದರು. ಟೊಪ್ಪಿ ಹಾಕಿದ್ದ ಒಬ್ಬ ಅತಿಥಿ ಫೋನು ಎತ್ತಿ ಹಿಡಿದು ಕಿಟಕಿಯ ಹತ್ತಿರಕ್ಕೇ ಬಂದ. “ಮೇಡಂ, ಆ ಜ್ವರದ್ದು ಇನ್ನೊಂದ್ಸಲ ಹೇಳ್ತೀರಾ? ನಂದು ರೆಕಾರ್ಡ್ ಆಗಿಲ್ಲ.”

ಯಜಮಾನ ಎಂದಿನ ಅಭ್ಯಾಸದಲ್ಲಿ “ಆಗ್ಲಿ ಸಾರ್” ಎನ್ನಲು ಹೋದ. ಅರ್ಧಕ್ಕೇ ಬಿಟ್ಟು ಕಿಟಕಿಯತ್ತ ತಿರುಗಿದ. ಮಗುವಿನ ಜ್ವರದ ಆ ರಾತ್ರಿ ಕಾರಿನ ಕೀಲಿ ಅವನ ಕೈಯಲ್ಲೇ ಇತ್ತು. ತಾಯಿಯ ಮಾತಿಗೆ ಹೂಂಗುಟ್ಟಿ, ಕೀಲಿಯನ್ನು ಮೊಳೆಗೆ ನೇತುಹಾಕಿ, ಮಗ್ಗುಲು ಬದಲಿಸಿ ಮಲಗಿದವನು ಅವನೇ. ಹೆಂಡತಿ ಅದನ್ನು ಹೇಳಿರಲಿಲ್ಲ, ಇಂದೂ ಹೇಳಲಿಲ್ಲ. ಅವನು ಅಡುಗೆಮನೆಗೆ ನುಗ್ಗಿ, ಅವಳ ಮೊಣಕಾಲು ತಬ್ಬಿ ಹಿಡಿದು, ಚೆಲ್ಲಿದ ಹಾಲಿನಲ್ಲೇ ಕುಕ್ಕರಿಸಿ, ಬಾಯಿ ಬಿಟ್ಟು ಅತ್ತ. ಅವಳು ಒಂದು ಕೈಯನ್ನು ಅವನ ತಲೆಯ ಮೇಲಿಟ್ಟು, ಇನ್ನೊಂದು ಕೈ ಚಾಚಿ ಕಿಟಕಿ ಎಳೆದು ಮುಚ್ಚಿದಳು.

ಅತಿಥಿಗಳು ಕುರ್ಚಿ ಸರಿಸಿ ಎದ್ದರು.

“ಹೆಂಗಸರಿಬ್ಬರೂ ತುಂಬಾ ಚೆನ್ನಾಗಿ ಮಾಡಿದ್ರು,” ಎಂದ ಟೊಪ್ಪಿಯವನು, ಲೋಟದ ತಳದ ಚಹಾ ಹೀರುತ್ತಾ. “ಗಂಡಂದು ಮಾತ್ರ ಸ್ವಲ್ಪ ಓವರ್ ಆಯ್ತು.”