ಒಂದು ಸೈಜ್ ದೊಡ್ಡದು

ಹೆಂಗಸು ಮಡಿಚಿದ ಟೀ ಶರ್ಟನ್ನು ತಂದು ಬಂದೂಕಿನಂಗಡಿಯ ಗಾಜಿನ ಪೆಟ್ಟಿಗೆಯ ಮೇಲಿಟ್ಟಳು. ಕಪ್ಪು ಹತ್ತಿ ಬಟ್ಟೆ, ಎದೆಯ ಮೇಲೆ ಪಿಸ್ತೂಲಿನ ಗುರುತು, ಅದರ ಕೆಳಗೆ ಇದೇ ಅಂಗಡಿಯ ಹೆಸರು. ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ.

“ದುಡ್ಡು ವಾಪಸ್ ಕೊಡೋಕಾಗಲ್ಲ ಅಮ್ಮ. ಬೇಕಾದ್ರೆ ಸೈಜ್ ಬದಲಾಯಿಸಿ ಕೊಡ್ತೀನಿ,” ಎಂದ ಅಂಗಡಿಯವನು.

“ಹಾಕ್ಕೊಳ್ಳೋನೇ ಇಲ್ಲಪ್ಪ. ಹೋದ ಗುರುವಾರ ನನ್ನ ಮಗ ಇಲ್ಲಿ ಪಿಸ್ತೂಲು ತಗೊಂಡ, ಜೊತೆಗೆ ಇದನ್ನೂ ತಗೊಂಡ. ಅವತ್ತೇ ಸಂಜೆ ಕೋಣೆ ಬಾಗಿಲು ಹಾಕ್ಕೊಂಡು ಜೀವ ಕಳ್ಕೊಂಡ.”

ಕೂತಿದ್ದ ಅಂಗಡಿಯವನು ಎದ್ದು ನಿಂತ.

“ಜಗಳಕ್ಕೆ ಬಂದಿಲ್ಲ, ಹೆದರಬೇಡಿ. ಇಲ್ಲಿಂದ ಮನೆಗೆ ಬಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಅಪ್ಪ, ‘ನೀನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ’ ಅಂದುಬಿಟ್ರು. ಬಾಯಿ ತಪ್ಪಿ ಬಂದ ಮಾತು. ಅವತ್ತಿಂದ ಅವರ ಗಂಟಲಲ್ಲಿ ಒಂದು ತುತ್ತು ಇಳಿದಿಲ್ಲ. ಹುಡುಗ ಇಲ್ಲಿಗೆ ಬರುವಾಗಲೇ ಮನಸ್ಸು ಮಾಡ್ಕೊಂಡು ಬಂದಿದ್ದ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು. ಅವರಾದ್ರೂ ಉಳಿಯಲಿ.”

ಗಾಜಿನ ಬಾಗಿಲಿನಾಚೆ ಅವಳ ಗಂಡ ಒಳಗೇ ನೋಡುತ್ತ ನಿಂತಿದ್ದ. ಎಷ್ಟು ಕರೆದರೂ ಒಳಗೆ ಕಾಲಿಟ್ಟಿರಲಿಲ್ಲ. ಅಂಗಿಯ ಗುಂಡಿಗಳನ್ನು ಮೇಲು ಕೆಳಗಾಗಿ ಹಾಕಿಕೊಂಡಿದ್ದ.

ಅವಳು ಕೇಳಿದ್ದು ಅಂಗಡಿಯವನ ಕಿವಿಗೇ ಬೀಳಲಿಲ್ಲ. ಯಾರಿಗಾದರೂ ಮೊದಲು ತನ್ನ ತಲೆ ಉಳಿಸಿಕೊಳ್ಳುವ ಯೋಚನೆ ತಾನೆ.

“ದೇವರಾಣೆ ಇಲ್ಲಮ್ಮ! ಮುಖ ಬಾಡಿದವರ ಕೈಗೆ ನಾನು ಇಂಥದ್ದು ಕೊಡೋನೇ ಅಲ್ಲ. ಎಷ್ಟು ಖುಷಿಯಾಗಿದ್ದ ಗೊತ್ತಾ ನಿಮ್ಮ ಮಗ? ‘ಹತ್ತಿ ಬಟ್ಟೆ, ಒಗೆದ್ರೆ ಕುಗ್ಗುತ್ತೆ, ಒಂದು ಸೈಜ್ ದೊಡ್ಡದೇ ಕೊಡಿ’ ಅಂದ. ‘ಮದುವೆ ಆದ್ಮೇಲೆ ಹೊಟ್ಟೆ ಬರುತ್ತಲ್ಲ ಅಣ್ಣಾ, ಅದಕ್ಕೂ ಜಾಗ ಬೇಡ್ವಾ’ ಅಂತ ತಮಾಷೆ ಬೇರೆ. ಇಲ್ಲೇ, ಈ ಕನ್ನಡಿ ಮುಂದೆ ನಿಂತು...”

ಅವನು ಟೀ ಶರ್ಟನ್ನು ಕೊಡವಿ ತನ್ನ ಎದೆಗೆ ಹಿಡಿದ. ಹುಡುಗ ನಿಂತಿದ್ದಂತೆಯೇ ಓರೆಯಾಗಿ ನಿಂತು, ಹೊಟ್ಟೆ ಮುಂದೆ ಮಾಡಿ, ಕನ್ನಡಿಗೆ ಹಲ್ಲು ಬಿಟ್ಟು ನಕ್ಕು ತೋರಿಸಿದ.

ಕನ್ನಡಿಯಲ್ಲಿ ಹೆಂಗಸಿನ ಮುಖ ಕಂಡಿತು. ಅವನ ಕೈ ತಾನಾಗಿ ಕೆಳಗಿಳಿಯಿತು.

“ನನಗೂ ಸರಿಯಾಗಿ ನೆನಪಿಲ್ಲಮ್ಮ. ದಿನಾ ಎಷ್ಟೋ ಜನ ಬರ್ತಾರೆ. ಅದು ಬೇರೆ ಯಾರೋ ಇರಬೇಕು,” ಎಂದು ತೊದಲಿದ.

ಅವಳು ಟೀ ಶರ್ಟ್ ಇಸಕೊಂಡು, ಹಳೆಯ ಮಡಿಕೆಗೇ ಮಡಿಚಿ, ಬಾಗಿಲು ತಳ್ಳಿ ಹೊರಗೆ ಹೋದಳು. ಗಂಡನ ತೋಳು ಹಿಡಿದುಕೊಂಡಳು.

“ಕೇಳಿದೆ ಕಣ್ರೀ. ಬರುವಾಗಲೇ ಮನಸ್ಸು ಮಾಡ್ಕೊಂಡಿದ್ದನಂತೆ. ಮುಖದಲ್ಲಿ ಕಳೆಯೇ ಇರಲಿಲ್ವಂತೆ. ನಿಮ್ಮದೇನೂ ತಪ್ಪಿಲ್ಲ, ಬನ್ನಿ.”

ಅವನು ಜರುಗಲಿಲ್ಲ. ಗಾಜಿನ ಬಾಗಿಲಿನಾಚೆಯ ಆ ಕನ್ನಡಿಯನ್ನೇ ನೋಡುತ್ತಿದ್ದ.

“ಅಷ್ಟೊಂದು ನಗ್ತಿದ್ನಾ?” ಎಂದ.