ಜಗಲಿಯ ಪ್ಲಗ್ಗು

ಕರೆಂಟು ಹೋಯಿತು. ಚಿಕ್ಕಬೋರಮ್ಮನ ಉಸಿರಿನ ಯಂತ್ರ ಒಮ್ಮೆ ಕುಯ್ಯೆಂದು ಸುಮ್ಮನಾಯಿತು. ಮಗಳು ಚಲುವಮ್ಮ ಬೀಸಣಿಗೆ ಹಿಡಿದು ಓಡಿದಳು. ಮುದುಕಿಯ ಬಾಯಿ ದಡಕ್ಕೆ ಬಿದ್ದ ಮೀನಿನಂತೆ ತೆರೆದು ಮುಚ್ಚುತ್ತಿತ್ತು.

ಹೊರಗೆ ಬೆಸಗರಹಳ್ಳಿಯ ಉರಿಬಿಸಿಲು. ತಾರಸಿಯ ತುಂಬ ಸೋಲಾರ್ ಹಲಗೆ.

"ಇಷ್ಟು ಬಿಸ್ಲಲ್ಲೂ ಕೆಲ್ಸಕ್ಕೆ ಬರ್ದಿದ್ಮೇಲೆ ಆ ತಗಡು ಯಾಕ್ಲಾ?" ಎಂದು ತಮ್ಮ ಶಿವರಾಜುವನ್ನು ಕೂಗಿದಳು.

"ಲೈನಲ್ಲಿ ಕರೆಂಟಿಲ್ದಿದ್ರೆ ಅದೂ ಆಫ್ ಆಯ್ತದೆ ಕಣಕ್ಕ. ಬ್ಯಾಟ್ರಿ ಸೇರಿಸ್ಬೇಕು."

ಅವನು ಹೊಸಿಲಾಚೆಯೇ ನಿಂತಿದ್ದ, ಮೂಗಿಗೆ ಟವಲ್ಲು ಒತ್ತಿಕೊಂಡು. ಮಂಚದ ಕೆಳಗೆ ತಾಯಿ ಕಫ ಉಗಿಯುವ ಡಬ್ಬಿಯಿತ್ತು. ಚಲುವಮ್ಮನಿಗೆ ಡಬ್ಬಿ ಕಂಡು ಬಾರದ ವಾಕರಿಕೆ ತಮ್ಮನ ಮುಖ ಕಂಡು ಬಂತು.

"ನಿನ್ ಸಿಂಬ್ಳನ ಸೆರಗಲ್ಲಿ ಒರ್ಸಿದೋಳು ಕಣ್ಲಾ ಇವ್ಳು. ಥೂ!"

ಅಷ್ಟರಲ್ಲಿ ಕರೆಂಟು ಬಂದು ಯಂತ್ರ ಮತ್ತೆ ಓಡಿತು; ಅವನು ಟವಲ್ಲು ಕೊಡವಿ ಹೊರಟುಹೋದ. ಆದರೆ ಮುಂದಿನ ವಾರವೇ ಮದ್ದೂರಿನಿಂದ ಬ್ಯಾಟರಿ ಬಂತು. ಸೋಲಾರಿನ ಹಳೆಯ ಇನ್ವರ್ಟರ್ ಇಳಿಸಿ, ಬ್ಯಾಟರಿಗೆ ಹೊಂದುವ ಹೊಸದನ್ನು ಗೋಡೆಗೆ ಏರಿಸಿದರು. ಅಕ್ಕಪಕ್ಕದವರು ನೆರೆದರು.

"ಯಾರಿಗೆ ಶಿವರಾಜು ಇದೆಲ್ಲ?" ಎಂದಳು ಎದುರುಮನೆಯ ಬೆಟ್ಟಮ್ಮ.

"ಅವ್ವಂಗೇಯ. ಎರಡು ದಿನ ಕರೆಂಟಿಲ್ದಿದ್ರೂ ನಡೀಬೇಕು."

"ಎತ್ರೆ ಇಂಥ ಮಗನ್ನ ಎರಬೇಕು ಕಣಮ್ಮ! ನಮ್ಮನೇಲೂ ಒಂದದೆ, ಉಣ್ಣಕ್ಕೆ ಮಾತ್ರ ಬತ್ತದೆ."

ಚಲುವಮ್ಮ ತಲೆ ತಗ್ಗಿಸಿದಳು. ಥೂ ಎಂದ ನಾಲಿಗೆ ಈಗ ಅವಳಿಗೇ ಹೇಸಿಗೆಯಾಗಿತ್ತು. ಜಗಲಿಯಲ್ಲೊಂದು ಹೊಸ ಪ್ಲಗ್ಗು ಕೂರಿಸಿದ್ದನ್ನು ಕಂಡಾಗಲಂತೂ ಕಣ್ಣು ಹನಿಗೂಡಿತು. ಕೋಣೆಯ ಕತ್ತಲಲ್ಲಿ ಕೊಳೆಯುತ್ತಿರುವ ಅವ್ವನನ್ನು ಗಾಳಿಬೆಳಕಿಗೆ ತರುತ್ತಾನೆ ತಮ್ಮ. ಅವನು ಆಗಲೇ ಅಲ್ಲಿ ಗೇಣು ಹಾಕಿ ಅಳೆದೂ ನೋಡಿದ್ದ, ಮಂಚ ಹಿಡಿಸುತ್ತದೆಯೇ ಎಂದಿರಬೇಕು.

ಅವಳು ಒಳಗೆ ಹೋಗಿ ತಾಯಿಯ ಕಿವಿಯ ಹತ್ತಿರ ಬಾಗಿದಳು. "ಇನ್ಮೇಲೆ ನಿನ್ನುಸಿರು ನಿಲ್ಲಕಿಲ್ಲ ಕಣವ್ವ. ನಿನ್ ಮಗ ಬ್ಯಾಟ್ರಿ ತಂದವ್ನೆ." ಮುದುಕಿ ನಕ್ಕಳು.

ಬ್ಯಾಟರಿ ಕೂರಿಸಲು ಬಂದವನಿಗೆ ಬೆಲ್ಲದ ಕಾಫಿ ಹಿಡಿದು ಚಲುವಮ್ಮ ಬಾಗಿಲಿಗೆ ಬಂದಳು. ಅವನು ವೈರು ಹಿಡಿದು ಕೇಳುತ್ತಿದ್ದ: "ಮನೆಗೆಲ್ಲಾ ಕೊಟ್ರೆ ಬೇಗ ಖಾಲಿಯಾಯ್ತದೆ ಸಾರ್. ಒಂದು ಕಡೆಗೆ ಕೊಟ್ರೆ ಎರಡು ದಿನ ಬರ್ತದೆ. ಅಜ್ಜಿ ರೂಮಿಗೆ ತಾನೆ?"

"ಅದ್ಕಲ್ಲ ಕಣಪ್ಪ, ಜಗಲಿ ಪ್ಲಗ್ಗಿಗೆ ಕೊಡು," ಎಂದ ಶಿವರಾಜು ದನಿ ತಗ್ಗಿಸಿ. "ಅಪ್ಪನ ಎಣ ಇಲ್ಲೇ ಮಡಗಿದ್ದಾಗ ಕರೆಂಟೋಗಿ, ಫ್ರೀಜರ್ ಪೆಟ್ಟಿಗೆ ನಿಂತು, ಬಂದ ನೆಂಟ್ರೆಲ್ಲ ಮೂಗು ಮುಚ್ಕಂಡ್ರು, ಅವ್ವನ ಪೆಟ್ಟಿಗೆನಾದ್ರೂ ನಿಲ್ಬಾರ್ದು."